ನುಂಗಿದ ಮೇಲೊಂದು ಮಾತು

ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ನಿಲ್ಲಿಸುತ್ತೇನೆ,
ಸೆತೂಬಲ್ಲಿನ ಹಳೆಯ ಸಾರ್ಡೀನು ಕಾರ್ಖಾನೆಯ ಗೋಡೆ ಪಕ್ಕ.
ಬ್ರೇಕು ಎಳೆದು, ಕಿಟಕಿಯ ತಗಡು ಎತ್ತಿ
ಎಣಿಸುತ್ತೇನೆ. ಹದಿನೇಳು. ಹದಿನೆಂಟು.
ಎಣಿಸು ಅಂತ ಈಗ ಯಾರೂ ಹೇಳಿಲ್ಲ.
ಇಪ್ಪತ್ತೆರಡು ವರ್ಷ, ದಿನಕ್ಕೆ ನಾಲ್ಕು ಸಲ
ಕೈದಿಗಳ ತಲೆ ಎಣಿಸಿದ ಬೆರಳು
ಪಿಂಚಣಿ ಬಂದರೂ ಸುಮ್ಮನಿರಲೊಲ್ಲದು.

ಸೊಂಟದ ಬಲಗಡೆ ಇನ್ನೂ ಒಂದು ಖಾಲಿ ಭಾರ,
ಬೀಗದಕೈ ಗೊಂಚಲು ತೂಗಿದ ಜಾಗ.
ಅದಿಲ್ಲದೆಯೂ ಆ ಕಡೆಗೇ ವಾಲಿ ನಡೆಯುತ್ತೀ
ಎನ್ನುತ್ತಾಳೆ ಹೆಂಡತಿ.

ವ್ಯಾನಿನೊಳಗೆ ನರ್ಸು ಒತೀಲಿಯ.
ಪುಟ್ಟ ಪ್ಲಾಸ್ಟಿಕ್ ಲೋಟ, ಒಂದೆರಡು ಚಮಚ ಮೆಥಡೋನು,
ಮೇಲೆ ಒಂದಿಷ್ಟು ನೀರು.
ಅವಳೆದುರೇ ಕುಡಿಯಬೇಕು. ಕುಡಿದ ಮೇಲೆ
ಏನಾದರೊಂದು ಮಾತಾಡಬೇಕು. ಅದು ನಿಯಮ.
ಕೆನ್ನೆಯೊಳಗೆ ಉಳಿಸಿಕೊಂಡು ಹೋಗಿ
ಮೂಲೆಯಲ್ಲಿ ಉಗುಳಿ ಮಾರುವವರಿದ್ದಾರೆ.
ಬಾಯೊಳಗೆ ಬಚ್ಚಿಟ್ಟವನಿಗೆ ಮಾತು ಹೊರಡುವುದಿಲ್ಲ.

ಹೀಗಾಗಿ ದಿನಾ ಈ ಕಿಟಕಿಯೆದುರು
ಹದಿನೆಂಟು ಮಾತು ಬೀಳುತ್ತವೆ.
'ಗಾಳಿ ಜೋರು.' 'ನಮ್ಮ ತಂಡ ಮತ್ತೆ ಸೋತಿತು.'
'ಕಿವಿಯೋಲೆ ಹೊಸದಾ?'
ಬೆನ್ವಿಂದ ಮೂರು ತಿಂಗಳಿಂದ ಹೇಳುವುದು ಒಂದೇ: 'ಥೂ.'
ಒತೀಲಿಯ ಅದಕ್ಕೂ ಸರಿ ಗುರುತು ಹಾಕುತ್ತಾಳೆ.
ಅದೂ ಮಾತೇ.
ನನ್ನ ಹಳೆಯ ಕೆಲಸದಲ್ಲಿ ಬೇಕಾಗುತ್ತಿದ್ದುದು
ಒಂದೇ ವಾಕ್ಯ: ಬಾಯ್ಮುಚ್ಚು.

ಕಾನೂನು ಬದಲಾಯಿತು. ಪೊಟ್ಟಣದೊಂದಿಗೆ ಸಿಕ್ಕವನನ್ನು
ಈಗ ಕಟಕಟೆಗಲ್ಲ, ಒಂದು ಮೇಜಿಗೆ ಕಳಿಸುತ್ತಾರೆ.
ಮೂವರು ಕೂತಿರುತ್ತಾರೆ, ಕರಿಕೋಟಿಲ್ಲದೆ. ನೀರಿನ ಹೂಜಿ.
ಮೊದಲ ಪ್ರಶ್ನೆ: ರಾತ್ರಿ ನಿದ್ದೆ ಬರುತ್ತದಾ?
ಕೇಳಿ ನಾನು ನಕ್ಕಿದ್ದೆ.

ರೊಟ್ಟಿಯಂಗಡಿ ಫೌಸ್ತಿನೊ ಇವತ್ತಿಗೂ ನಗುತ್ತಾನೆ.
ನಮ್ಮ ತೆರಿಗೆ ದುಡ್ಡಲ್ಲಿ ಇವರಿಗೆ ಸಿರಪ್ಪಾ?
ಕಾಫಿ ಕಲಕುತ್ತ ಲೆಕ್ಕ ಹೇಳುತ್ತೇನೆ:
ಒಂದು ಕೋಣೆ, ಮೂರು ಹೊತ್ತು ಊಟ,
ರಾತ್ರಿ ಪಾಳಿಗೆ ಇಬ್ಬರು, ಬೀಗಕ್ಕೆ ಎಣ್ಣೆ,
ಹರಿದು ಹಗ್ಗ ಮಾಡಿಕೊಳ್ಳದಿರಲೆಂದು ತರಿಸಿದ
ದಪ್ಪ ಚಾದರ.
ಅದೂ ನಿನ್ನ ದುಡ್ಡೇ ಕಣಯ್ಯ,
ಆಗ ರಸೀತಿ ಕೇಳಿದ್ದೆಯಾ?
ಅವನು ಕೌಂಟರು ಒರೆಸುತ್ತಾನೆ. ಒಪ್ಪಿಲ್ಲ.
ನಾನೂ ಒಪ್ಪಿ ಬಂದವನಲ್ಲ. ಪಿಂಚಣಿ ಸಾಲದು,
ಇವರಿಗೊಬ್ಬ ಡ್ರೈವರು ಬೇಕಿತ್ತು, ಅಷ್ಟೆ.

ಸಾಲಿನಲ್ಲಿ ಆರನೆಯವನು ಅದೆರಿತು.
ಬಿ ವಿಭಾಗ, ಹದಿನಾಲ್ಕನೇ ಕೋಣೆ.
ಮೂರು ರಾತ್ರಿ ಕಬ್ಬಿಣದ ಬಾಗಿಲು ಬಡಿದಿದ್ದ.
ಮದ್ದು ಸಿಗದೆ ಮೈ ಹಿಂಡುತ್ತಿದೆ, ಬಡಿದು ಸುಸ್ತಾಗಲಿ ಎಂದು
ನಾನು ರೇಡಿಯೊ ಜೋರು ಮಾಡಿದೆ. ಫುಟ್ಬಾಲು ಇತ್ತು.
ನಾಲ್ಕನೇ ಬೆಳಿಗ್ಗೆ ಎಣಿಕೆಗೆ ಒಂದು ಕಡಿಮೆ.
ಪಕ್ಕದ ಮಂಚದ ಹುಡುಗ, ವಾಂತಿಯಲ್ಲಿ ಉಸಿರು ಸಿಕ್ಕಿ.
ಬಾಗಿಲು ಬಡಿದದ್ದು
ಅವನಿಗಾಗಿ.

ವರ್ಷದಿಂದ ಅದೆರಿತು ಲೋಟ ಎತ್ತುತ್ತಾನೆ, ಕುಡಿಯುತ್ತಾನೆ,
'ಶುಭ ದಿನ' ಎಂದು ಒತೀಲಿಯಳಿಗೆ ಹೇಳಿ ಹೋಗುತ್ತಾನೆ.
ನನ್ನ ಕಡೆ ತಿರುಗಿದ್ದಿಲ್ಲ.
ಈಚೆಗೆ ಬೆರಳಿಗೆಲ್ಲ ಮೀನಿನ ಪೊರೆ ಅಂಟಿರುತ್ತದೆ,
ಹರಾಜುಕಟ್ಟೆಯಲ್ಲಿ ಕೆಲಸ. ಸೋಮವಾರದಿಂದ
ವಾರದ ಬಾಟಲಿ ಮನೆಗೇ ಒಯ್ಯಬಹುದು,
ದಿನಾ ಬರಬೇಕಿಲ್ಲ.

ಇವತ್ತು ಲೋಟ ಇಳಿಸಿ
ಡ್ರೈವರಿನ ಬಾಗಿಲ ಕಡೆ ಬಂದು ನಿಂತ.
'ಕೇಳಿಸಿತಾ?' ಎಂದ.
'ಹೂಂ, ಕೇಳಿಸಿತು' ಎಂದು ಒಳಗಿಂದ ಒತೀಲಿಯ
ಸರಿ ಗುರುತು ಹಾಕಿದಳು.
ಅವನು ನಿಂತೇ ಇದ್ದ.
ನಾನು ಬಾಯಿ ತೆರೆದೆ.
ಮಾತು ಹೊರಡಲಿಲ್ಲ.

ಕಾರ್ಖಾನೆ ಗೋಡೆಯ ಮೇಲೆ ಒಂದು ಕಡಲಹಕ್ಕಿ
ಯಾರೋ ಬಿಸಾಕಿದ ಲೋಟ ಕುಕ್ಕುತ್ತಿತ್ತು.
ತಗಡು ಇಳಿಸಿದೆ. ಹತ್ತೂಮುಕ್ಕಾಲಿಗೆ
ಆಸ್ಪತ್ರೆ ಗೇಟಿನ ಬಳಿ ಇನ್ನೊಂದು ನಿಲುಗಡೆ.
ಅಲ್ಲಿ ಇಪ್ಪತ್ತಾರು ಜನ.